ಚಗಳಿ ಇರುವೆ ಥರ ಕಾಣುವ ಜೇಡ: ಇದು ಒಂದೇ ಜಾತಿಯಾ, ಎರಡಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಹಿತ್ತಲಿನ ಮಾವಿನ ಮರದಲ್ಲಿ ಚಗಳಿ ಗೂಡು ಜಾಸ್ತಿ. ಎಲೆ ಹೊಲಿಯೋದನ್ನು ನೋಡುತ್ತಾ ನಿಂತಿದ್ದಾಗ ಒಂದು ಚಗಳಿ ಮಾತ್ರ ಸಾಲು ಬಿಟ್ಟು, ಬೇರೆಯವುಗಳಿಂದ ತಪ್ಪಿಸಿಕೊಂಡು ಓಡಾಡುತ್ತಿತ್ತು. ಕಡ್ಡಿಯಿಂದ ಮುಟ್ಟಿದೆ, ತಟ್ಟನೆ ನೂಲು ಬಿಟ್ಟು ಕೆಳಗೆ ಜೋತುಬಿತ್ತು! ಇರುವೆ ಹೀಗೆ ನೂಲಲ್ಲಿ ನೇತಾಡಲ್ಲ ಅಲ್ವಾ?

ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಕಾಲು ಎಣಿಸಿದೆ, ಎಂಟು. ಮುಂದಿನ ಎರಡು ಕಾಲನ್ನು ಇರುವೆ ಮೀಸೆಯ ಥರ ಎತ್ತಿ ಆಡಿಸುತ್ತೆ, ಅದಕ್ಕೇ ಆರೇ ಕಾಲು ಅನಿಸೋದು. ಮುಖದಲ್ಲಿ ಎರಡು ದೊಡ್ಡ ಕಣ್ಣು. ಜಿಗಿಯುವ ಜೇಡದ ಗುಂಪಿನದು ಅಂತ ಅಷ್ಟರ ಮಟ್ಟಿಗೆ ಗೊತ್ತಾಯಿತು.

ಗೊಂದಲ ಆಮೇಲೆ ಶುರುವಾಯಿತು. ಮರುದಿನ ಅದೇ ಕೊಂಬೆಯಲ್ಲಿ ಇನ್ನೊಂದು ಸಿಕ್ಕಿತು. ಬಣ್ಣ, ಸಣ್ಣ ಸೊಂಟ ಎಲ್ಲಾ ಅದೇ, ಆದರೆ ಬಾಯಿಯ ಮುಂದೆ ಉದ್ದನೆಯ ದವಡೆ ಚಾಚಿಕೊಂಡಿದೆ, ತುದಿ ದಪ್ಪ, ಕಪ್ಪು. ದೂರದಿಂದ ನೋಡಿದರೆ ಒಂದು ಚಗಳಿ ಇನ್ನೊಂದನ್ನು ಕಚ್ಚಿ ಹೊತ್ತುಕೊಂಡು ಹೋಗುತ್ತಿದೆ ಅಂತಲೇ ಅನಿಸುತ್ತೆ. ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗೆ ಹಾಕಿದೆ, ಒಮ್ಮೆ ಇರುವೆ ಅಂತು, ಒಮ್ಮೆ ಜೇಡ ಅಂತು. ಮನೆಯಲ್ಲಿ ಅಮ್ಮನಿಗೂ ಗೊತ್ತಿಲ್ಲ. ಮೂರು ದಿನ ಸುಮ್ನೆ ಕೂತು ನೋಡಿದೆ, ಎರಡರಲ್ಲಿ ಯಾವುದೂ ಒಂದು ಚಗಳಿಯನ್ನೂ ಹಿಡಿಯಲಿಲ್ಲ.

ಜೇಡಗಳ ಬಗ್ಗೆ ತಿಳಿದವರು ಹೇಳಿ: ಉದ್ದ ದವಡೆಯದು ಗಂಡು, ಇನ್ನೊಂದು ಹೆಣ್ಣು ಅಂತ ತಿಳಿಯಬಹುದಾ, ಅಥವಾ ಬೇರೆ ಬೇರೆ ಜಾತಿಯಾ? ಇವು ಚಗಳಿಯನ್ನು ತಿನ್ನದಿದ್ದರೆ ಅವುಗಳ ಪಕ್ಕದಲ್ಲೇ ಯಾಕೆ ಇರುತ್ತವೆ?