ಡುಶೇನ್ ಇರುವ ಮಗನಿಗೆ ಇಮ್ಯೂನಿಟಿ ಪೌಡರ್ ಕೊಡಬಹುದಾ?

ಪ್ರಶ್ನೆ (ಒಬ್ಬ ತಾಯಿ): ಡಾಕ್ಟರ್, ಮಗನಿಗೆ 7 ವರ್ಷ. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಕಾಯಿಲೆ, ಅಂತ ಜೀನ್ ಟೆಸ್ಟಲ್ಲಿ ಗೊತ್ತಾಯಿತು. ಹೋದ ತಿಂಗಳಿಂದ ಸ್ಟೀರಾಯ್ಡ್ ಕೊಡುತ್ತಿದ್ದೇವೆ. ಇದು ಜೀನ್‌ನಿಂದ ಬಂದದ್ದು ಅಲ್ವಾ, ಮತ್ತೆ ಇಮ್ಯೂನಿಟಿ ತಗ್ಗಿಸುವ ಮಾತ್ರೆ ಯಾಕೆ? ಅಮೃತಬಳ್ಳಿ ಕಷಾಯ, ಇಮ್ಯೂನಿಟಿ ಪೌಡರ್ ಕೊಡು ಅಂತ ಅತ್ತೆ ಹೇಳುತ್ತಿದ್ದಾರೆ.

ಉತ್ತರ (ಮಕ್ಕಳ ನರರೋಗ ತಜ್ಞೆ): ಎರಡೂ ಬೇಡ ತಾಯಿ. ಕಾರಣ ಹೇಳುತ್ತೇನೆ.

ಶುರುವಾಗುವುದು ಜೀನ್‌ನಿಂದಲೇ. ಡಿಸ್ಟ್ರೋಫಿನ್ ಅನ್ನುವ ಪ್ರೊಟೀನ್ ಸ್ನಾಯುವಿನ ಎಳೆಯ ಪೊರೆಯನ್ನು ಒಳಗಿನಿಂದ ಬಿಗಿಯಾಗಿ ಹಿಡಿದಿರುತ್ತದೆ. ಅದಿಲ್ಲದ ಮಗು ಸುಮ್ನೆ ಮೆಟ್ಟಿಲು ಇಳಿದರೂ ಪೊರೆ ಅಲ್ಲಲ್ಲಿ ಹರಿಯುತ್ತದೆ. ಒಳಗಿನ ಸಿಪಿಕೆ ಅನ್ನುವ ಕಿಣ್ವ ರಕ್ತಕ್ಕೆ ಸೋರುತ್ತದೆ. ರಿಪೋರ್ಟಲ್ಲಿ ಅದು ಸಾವಿರಗಟ್ಟಲೆ ಇರುವುದು ಅದಕ್ಕೇ. ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗಿ ಎಳೆ ಸಾಯುತ್ತದೆ.

ಆಗ ಬರುವುದು ರೋಗನಿರೋಧಕ ಕಣಗಳು. ನಮ್ಮ ಸ್ನಾಯುವಿಗೆ ಪೆಟ್ಟಾದರೂ ಬರುತ್ತವೆ. ಅವುಗಳಲ್ಲಿ ಮ್ಯಾಕ್ರೋಫೇಜ್ ಅನ್ನುವ ಕಣ ಮೊದಲು ಸತ್ತದ್ದನ್ನು ತಿಂದು ಜಾಗ ಗುಡಿಸುತ್ತದೆ, ಆಮೇಲೆ ಹೊಸ ಎಳೆ ಬೆಳೆಯಲು ನೆರವಾಗುತ್ತದೆ. ಕೆಲಸ ಮುಗಿದ ಮೇಲೆ ಗಲಾಟೆ ಅಡಗುತ್ತದೆ. ಡುಶೇನ್‌ನಲ್ಲಿ ಅಡಗುವುದೇ ಇಲ್ಲ. ಒಂದು ಕಡೆ ರಿಪೇರಿ ಮುಗಿಯುವಷ್ಟರಲ್ಲಿ ಪಕ್ಕದ ಎಳೆ ಹರಿದಿರುತ್ತದೆ. ಬಯಾಪ್ಸಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಸಾಯುವ ಎಳೆಯನ್ನು ಈ ಕಣಗಳು ನೀಲಿ ಚುಕ್ಕೆಗಳ ಹಾಗೆ ಮುತ್ತಿಕೊಂಡಿರುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಸ್ನಾಯು ಇರಬೇಕಾದ ಕಡೆ ನಾರು, ಕೊಬ್ಬು ತುಂಬುತ್ತದೆ. ಈ ಮಕ್ಕಳ ಮೀನಖಂಡ ದಪ್ಪ ಕಾಣುವುದಕ್ಕೂ ಇದು ಒಂದು ಕಾರಣ.

ಅಂದರೆ ನಿಮ್ಮ ಮಗನ ಇಮ್ಯೂನಿಟಿ ಸೋತಿಲ್ಲ. ಸ್ನಾಯುವಿನೊಳಗೆ ಬಿಡುವಿಲ್ಲದೆ ದುಡಿಯುತ್ತಿದೆ. ಅದನ್ನು ಸ್ವಲ್ಪ ಸುಮ್ಮನಾಗಿಸುವುದು ಸ್ಟೀರಾಯ್ಡ್. 1989ರಲ್ಲಿ 103 ಹುಡುಗರ ಮೇಲೆ ನಡೆದ ಅಧ್ಯಯನದಲ್ಲಿ ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ತೆಗೆದುಕೊಂಡವರ ಬಲ ಹೆಚ್ಚಿತು. ಆದರೆ ಆಮೇಲಿನ ಅಧ್ಯಯನದಲ್ಲಿ ಇಮ್ಯೂನಿಟಿ ತಗ್ಗಿಸುವ ಇನ್ನೊಂದು ಮಾತ್ರೆ, ಅಜಾಥಯೋಪ್ರಿನ್, ಅಂಥ ಲಾಭ ಕೊಡಲಿಲ್ಲ. ಹಾಗಾಗಿ ಇಮ್ಯೂನಿಟಿ ತಗ್ಗಿಸುವುದೊಂದೇ ಸ್ಟೀರಾಯ್ಡ್‌ನ ಕೆಲಸ ಅಂತ ನಾನು ಹೇಳುವುದಿಲ್ಲ.

ಇನ್ನು ಅಮೃತಬಳ್ಳಿ. ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳು ಕೋವಿಡ್ ಸಮಯದಲ್ಲಿ ನಮ್ಮ ದೇಶದಲ್ಲೇ ಬಂದಿವೆ. ಡುಶೇನ್ ಮಕ್ಕಳಲ್ಲಿ ಲಿವರ್ ಟೆಸ್ಟಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಕಿಣ್ವಗಳು ಸ್ನಾಯುವಿನಿಂದಲೇ ಜಾಸ್ತಿ ಇರುತ್ತವೆ. ಲಿವರ್ ನಿಜವಾಗಿ ಕೆಟ್ಟರೂ ಬೇಗ ಗೊತ್ತಾಗುವುದಿಲ್ಲ. ನನಗೆ ಹೆಚ್ಚು ಭಯ ಇದರದ್ದೇ. ಅತ್ತೆಯವರ ಮೇಲೆ ಬೇಸರ ಬೇಡ, ಪ್ರೀತಿಯಿಂದಲೇ ಹೇಳಿದ್ದಾರೆ. ಇದನ್ನು ಅವರಿಗೂ ಓದಿ ಹೇಳಿ.

ಪ್ರಶ್ನೆ (ಒಬ್ಬ ಅಪ್ಪ): ಜೀನ್ ಥೆರಪಿ ಬಂದರೆ ಈ ಮಾತ್ರೆ ಬಿಡಬಹುದಾ ಮೇಡಂ? ವಾಂತಿ ಆದಾಗ ನಾವು ಎರಡು ದಿನ ಬಿಟ್ಟಿದ್ದೆವು.

ಉತ್ತರ: ಜೀನ್ ಥೆರಪಿ ಕೊಡುವಾಗ ಸ್ಟೀರಾಯ್ಡ್ ಇನ್ನೂ ಹೆಚ್ಚಿಸುತ್ತಾರೆ. ಡಿಸ್ಟ್ರೋಫಿನ್ ಮಾಡುವ ಜೀನ್ ಹೊತ್ತು ತರುವುದು ಎಎವಿ ಅನ್ನುವ ವೈರಸ್‌ನ ಚಿಪ್ಪು. ಅದರ ವಿರುದ್ಧ ಮೊದಲೇ ಆಂಟಿಬಾಡಿ ಜಾಸ್ತಿ ಇದ್ದರೆ ಆ ಮಗುವಿಗೆ ಕೊಡಲು ಬರುವುದಿಲ್ಲ. ಡಿಸ್ಟ್ರೋಫಿನ್ ಅನ್ನೇ ಕಾಣದ ದೇಹ ಅದನ್ನು ಹೊರಗಿನವನು ಅಂತ ಹೊಡೆಯಲೂಬಹುದು.

ಮಾತ್ರೆ ಮಾತ್ರ ಹಾಗೆ ತಟ್ಟನೆ ಬಿಡಬೇಡಿ. ದಿನವೂ ಹೊರಗಿನಿಂದ ಸಿಕ್ಕರೆ ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಮಾಡುವುದು ಕಡಿಮೆ ಮಾಡುತ್ತದೆ. ತಟ್ಟನೆ ಬಿಟ್ಟರೆ ಎರಡೂ ಇಲ್ಲದೆ ಅಪಾಯ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, "ಸ್ಟೀರಾಯ್ಡ್ ಮೇಲಿದ್ದಾನೆ" ಅಂತ ಮೊದಲ ಮಾತಲ್ಲೇ ಹೇಳಿ. ಬರೆದ ಚೀಟಿಯೊಂದು ಅವನ ಸ್ಕೂಲ್ ಬ್ಯಾಗಲ್ಲೂ ಇರಲಿ.