ಪುಟ್ಟಿ, ಮೊದಲು ಆ ಚಾಕು ಕೆಳಗಿಡು

ಪುಟ್ಟಿ, ನಾನು ದೊಡ್ಡಮ್ಮ. ಸ್ನಾನ ಮುಗಿಸಿ ಬಂದು ಈಗಷ್ಟೇ ನಿನ್ನ ಮೆಸೇಜ್ ನೋಡಿದೆ. ಚಿಕ್ಕಮಗಳೂರಿಂದ ನಿಮ್ಮತ್ತೆ ಕಳಿಸಿದ ತುಪ್ಪದ ಡಬ್ಬ, ತಗಡಿನ ಮುಚ್ಚಳ, ಎರಡು ದಿನದಿಂದ ಎಷ್ಟು ಎಳೆದರೂ ಬರುತ್ತಿಲ್ಲ, ಉಗುರು ಕಿತ್ತು ಹೋಯಿತು, ಚಾಕುವಿನ ತುದಿ ಹಾಕಿ ಎಬ್ಬಿಸಬಹುದಾ ಅಂತ ಕೇಳಿದ್ದೀಯ. ಅದರ ಕೆಳಗೆ ನಿಮ್ಮಪ್ಪ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ್ದಾನೆ. ಅಂದರೆ ಹಾಕು ಅಂತ.

ಹಾಕಬೇಡ ಮಗಳೇ. ಚಾಕು ಮಾತ್ರ ಬೇಡ. ಮೆಸೇಜ್ ಪೂರ್ತಿ ಓದದಿದ್ದರೂ ಪರವಾಗಿಲ್ಲ, ಇಷ್ಟು ಓದಿ ಚಾಕು ಕೆಳಗಿಡು.

ಆ ಹೆಬ್ಬೆರಳ ಚಿತ್ರ ನೋಡಿ ನನ್ನ ಎಡಗೈ ಜುಮ್ ಅಂತು. ನನ್ನ ಎಡಗೈ ಹೆಬ್ಬೆರಳು ತುದಿಯಲ್ಲಿ ಮಡಚುವುದಿಲ್ಲ, ನೀವೆಲ್ಲ ನೋಡಿದ್ದೀರಿ. ಚಿಕ್ಕವಳಿದ್ದಾಗ ನೀನು ಅದನ್ನು ಹಿಡಿದು ಮಡಚಲಿಕ್ಕೆ ನೋಡುತ್ತಿದ್ದೆ, ಯಾಕೆ ದೊಡ್ಡಮ್ಮ ಇದು ಹೀಗೆ ಅಂತ ಕೇಳುತ್ತಿದ್ದೆ. ಹುಟ್ಟಿದಾಗಿಂದ ಹೀಗೇ ಅಂತ ಹೇಳಿಬಿಡುತ್ತಿದ್ದೆ. ಹಾಗಲ್ಲ. ಅದು ನಿನ್ನ ನಾಮಕರಣದ ದಿನ ಆದದ್ದು. ಆಗ ಹೇಳಲಿಲ್ಲ, ಈಗ ಹೇಳುತ್ತೇನೆ.

1991ರ ಡಿಸೆಂಬರ್. ನಿಮ್ಮ ದೊಡ್ಡಪ್ಪನಿಗೆ ಮಡಿಕೇರಿಗೆ ವರ್ಗ ಆಗಿ ಎರಡನೇ ವರ್ಷ. ಮಂಗಳೂರಿನ ಮನೆಯಲ್ಲಿ ನಿನ್ನ ನಾಮಕರಣ, ಹೋಳಿಗೆ ಊಟ, ತುಪ್ಪ ನಾನು ತರುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಹದಿನೈದು ದಿನ ಬೆಣ್ಣೆ ಕೂಡಿಟ್ಟೆ. ಹೊರಡುವ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕಾಯಿಸಿ, ಒಂದು ವೀಳ್ಯದೆಲೆ ಹಾಕಿ ಇಳಿಸಿದೆ. ಆರಲಿಕ್ಕೆ ಪುರುಸೊತ್ತಿಲ್ಲ, ಆರೂವರೆಗೆ ಬಸ್ಸು. ಹಾಲಿನ ಪುಡಿಯ ಖಾಲಿ ತಗಡಿನ ಡಬ್ಬ ಒಂದಿತ್ತಲ್ಲ, ಬಿಸಿ ಬಿಸಿ ತುಪ್ಪ ಅದಕ್ಕೆ ಸುರಿದು, ಮುಚ್ಚಳ ಇಟ್ಟು, ಅದರ ಮೇಲೆ ಮಣೆ ಇಟ್ಟು ನಾಲ್ಕು ಸಲ ಗುದ್ದಿದೆ. ಘಟ್ಟದ ತಿರುವಿನಲ್ಲಿ ಚೆಲ್ಲಬಾರದು ಅಂತ. ಸಂಪಾಜೆ, ಸುಳ್ಯ, ಪುತ್ತೂರು, ಅಷ್ಟು ದೂರ ಆ ಡಬ್ಬ ಮಡಿಲಲ್ಲೇ ಇತ್ತು. ಒಂದು ಹನಿ ಚೆಲ್ಲಲಿಲ್ಲ.

ಮರುದಿನ ಎಲೆ ಹಾಕಿದ್ದಾರೆ, ಹೋಳಿಗೆ ಬಡಿಸುತ್ತಿದ್ದಾರೆ, ತುಪ್ಪ ತನ್ನಿ ತುಪ್ಪ ತನ್ನಿ ಅಂತ ಕೂಗುತ್ತಿದ್ದಾರೆ. ಮುಚ್ಚಳ ಬರಬೇಕಲ್ಲ! ನೋಡಿದರೆ ಮುಚ್ಚಳದ ನಡುಭಾಗ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿದೆ. ಉಗುರು ಹಾಕಿದೆ, ಸೌಟಿನಿಂದ ಬಡಿದೆ, ಏನೂ ಇಲ್ಲ.

ಈಗ ಕೇಳು. ಆ ಮನೆಯಲ್ಲಿ ಇಂಥ ಡಬ್ಬ ತೆಗೆಯಲಿಕ್ಕೇ ಒಂದು ಸಾಧನ ಇತ್ತು. ಮನೆಗೆ ಬಣ್ಣ ಹೊಡೆಸಿದಾಗ ಪೇಂಟ್ ಮೇಸ್ತ್ರಿ ಕೊಟ್ಟು ಹೋದದ್ದು. ಅಂಗೈಯಷ್ಟು ಉದ್ದದ ಚಪ್ಪಟೆ ಕಬ್ಬಿಣ. ಒಂದು ತುದಿ ಗಿಳಿ ಕೊಕ್ಕಿನ ಹಾಗೆ ಸ್ವಲ್ಪ ಬಾಗಿದೆ, ಇನ್ನೊಂದು ತುದಿಯಲ್ಲಿ ತೂತು. ನಿಮ್ಮಜ್ಜಿ ಆ ತೂತಿಗೆ ಕತ್ತದ ಹಗ್ಗ ಕಟ್ಟಿ ಒಲೆಯ ಪಕ್ಕದ ಮೊಳೆಗೆ ತೂಗು ಹಾಕಿದ್ದರು. ಅವಲಕ್ಕಿ ಡಬ್ಬ, ಹಾಲಿನ ಪುಡಿ ಡಬ್ಬ, ಬಿಸ್ಕತ್ತಿನ ಡಬ್ಬ, ಎಲ್ಲಕ್ಕೂ ಅದೇ. ಅವರು ಎಪ್ಪತ್ತರ ವಯಸ್ಸಿನಲ್ಲಿ, ನಡುಗುವ ಕೈಯಲ್ಲಿ, ಅದನ್ನಿಟ್ಟು ಟಕ್ ಟಕ್ ಅಂತ ತೆಗೆಯುತ್ತಿದ್ದರು.

ಆ ದಿನ ಮೊಳೆ ಖಾಲಿ. ನಿನ್ನ ತೊಟ್ಟಿಲಿಗೆ ಬಣ್ಣ ಹೊಡೆಯಲಿಕ್ಕೆ ನಿಮ್ಮಪ್ಪ ಅದನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಎಲ್ಲೋ ಇಟ್ಟಿದ್ದ. ಎಲ್ಲಿದೆ ಅಂತ ಕೇಳಿದೆ. ಪಂಕ್ತಿಯಲ್ಲಿ ಕೂತಿದ್ದವನು ತಲೆ ಎತ್ತದೆ, "ಚಾಕು ಇಲ್ವಾ ಅತ್ತಿಗೆ, ಅದರಲ್ಲೇ ತೆಗೀರಿ" ಅಂದ.

ತರಕಾರಿ ಹೆಚ್ಚುವ ಚಾಕು ತೆಗೆದುಕೊಂಡೆ. ಡಬ್ಬವನ್ನು ಎದೆಗೆ ಒತ್ತಿ ಎಡಗೈಯಲ್ಲಿ ತಬ್ಬಿಕೊಂಡೆ. ತುದಿಯನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿ ಮೇಲಕ್ಕೆ ಮೀಟಿದೆ. ಚಾಕುವಿನ ತುದಿ ಬಾಗಿತು. ಇನ್ನೂ ಜೋರು ಹಾಕಿದೆ. ಜಾರಿತು. ಎಡಗೈ ಹೆಬ್ಬೆರಳ ಬುಡಕ್ಕೇ ಹೋಯಿತು. ಮೊದಲು ನೋವೇ ಇಲ್ಲ, ತಣ್ಣಗೆ ಏನೋ ತಾಗಿದ ಹಾಗೆ. ಒಂದು ಗಳಿಗೆ ಬಿಳಿಯಾಗಿ ಕಂಡಿತು, ಆಮೇಲೆ ರಕ್ತ. ಕೆಂಪು ಗಾರೆ ನೆಲ ಅಲ್ವಾ, ಎಷ್ಟು ಬಿದ್ದಿದೆ ಅಂತ ಯಾರಿಗೂ ತಿಳಿಯಲಿಲ್ಲ.

ಅರಿಶಿನ ಮೆತ್ತಿ ಹಳೇ ಸೀರೆಯ ಚೂರು ಬಿಗಿದು ಸೆರಗಿನೊಳಗೆ ಕೈ ಇಟ್ಟುಕೊಂಡೆ. ಶುಭ ಕಾರ್ಯದ ಮನೆ, ತೊಟ್ಟಿಲಲ್ಲಿ ಮಗು, ರಕ್ತ ರಕ್ತ ಅಂತ ಹೇಗೆ ಕೂಗುವುದು? ಡಬ್ಬವನ್ನು ಹಿತ್ತಲಲ್ಲಿ ಯಾರೋ ಕತ್ತಿಯಿಂದ ಕೊಚ್ಚಿ ತೆಗೆದರು. ತಗಡಿನ ಚೂರು ಬಿದ್ದಿರಬಹುದು ಅಂತ ಆ ತುಪ್ಪ ಯಾರ ಎಲೆಗೂ ಬೀಳಲಿಲ್ಲ. ಹದಿನೈದು ದಿನದ ಬೆಣ್ಣೆ.

ಆ ದಿನ ನೆಂಟರು. ಮರುದಿನ ಪಾತ್ರೆ, ಕಸ. ಮೂರನೇ ದಿನ ಕೈ ಬಾತು ಜ್ವರ ಬಂದ ಮೇಲೆ ಆಸ್ಪತ್ರೆಗೆ ಹೋದದ್ದು. ಡಾಕ್ಟರು ಬೆರಳು ಮಡಚಿ ಅಂದರು. ಬುಡ ಮಡಚಿತು, ತುದಿ ಮಡಚಲಿಲ್ಲ. ಬೆರಳು ಎಳೆಯುವ ದಾರದಂಥ ಸ್ನಾಯುರಜ್ಜು, ಟೆಂಡನ್ ಅಂತಾರೆ, ಅದು ಕಡಿದಿದೆ ಅಮ್ಮ, ಅದೇ ದಿನ ಬಂದಿದ್ದರೆ ತುದಿಗೆ ತುದಿ ಸೇರಿಸಿ ಹೊಲಿಯುವುದು ಸುಲಭ ಇತ್ತು, ತಡ ಆದಷ್ಟೂ ಅದು ಒಳಕ್ಕೆ ಸೇದಿಕೊಳ್ಳುತ್ತದೆ ಅಂದರು. ಹೊಲಿದರು. ಬೆರಳು ಉಳಿಯಿತು, ಕೆಲಸ ಉಳಿಯಲಿಲ್ಲ. ಮಲ್ಲಿಗೆ ಕಟ್ಟುವಾಗ ಎಡಗೈ ಹೆಬ್ಬೆರಳ ತುದಿ ಮಡಚಿ ತೊಟ್ಟು ಒತ್ತಿ ಹಿಡಿಯಬೇಕು ನೋಡು, ಅದು ಆಗುವುದಿಲ್ಲ. ಆ ದಿನದ ಆಮೇಲೆ ನಾನು ಒಂದು ಮೊಳ ಹೂ ಕಟ್ಟಿಲ್ಲ. ನಿನ್ನ ಮದುವೆಗೂ ಕಟ್ಟಲಾಗಲಿಲ್ಲ.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ. ಚಾಕು ಬೇಡ ಪುಟ್ಟಿ. ಕತ್ತರಿ ಬೇಡ. ಚೂಪಾದ ಸ್ಕ್ರೂಡ್ರೈವರ್ ಕೂಡ ಬೇಡ. ಚಾಕು ಇರುವುದು ಹೆಚ್ಚಲಿಕ್ಕೆ, ಮೀಟಲಿಕ್ಕಲ್ಲ. ಅದರ ತುದಿ ತೆಳ್ಳಗೆ, ಬಾಗುತ್ತದೆ, ಇಲ್ಲ ಮುರಿಯುತ್ತದೆ, ಇಲ್ಲ ಜಾರುತ್ತದೆ. ಜಾರಿದರೆ ಅದು ಹೋಗುವುದು ಡಬ್ಬ ಹಿಡಿದ ಕೈಗೇ.

ಇನ್ನೊಂದು ಮಾತೂ ಇದೆ, ಎಲ್ಲರೂ ಇರುವ ಗ್ರೂಪಲ್ಲೇ ಹೇಳುತ್ತೇನೆ. ಆ ಮನೆ ಪಾಲಾಯಿತಲ್ಲ, ಆಗ ಪಾತ್ರೆಗಳ ಪಟ್ಟಿ ಮಾಡಿದ್ದರು. ಬೆಳ್ಳಿ ಪಂಚಪಾತ್ರೆ ಯಾರಿಗೆ, ಹಿತ್ತಾಳೆ ಹಂಡೆ ಯಾರಿಗೆ, ತಾಮ್ರದ ಕೊಡ ಯಾರಿಗೆ, ಎರಡು ದಿನ ಅದೇ ಮಾತು. ನಿಮ್ಮ ದೊಡ್ಡಪ್ಪ ಏನೂ ಕೇಳಬೇಡ ಅಂದಿದ್ದರು, ಕೇಳಲಿಲ್ಲ. ನಾನು ಕೇಳಿದ್ದು ಒಂದೇ, ಒಲೆ ಪಕ್ಕದ ಮೊಳೆಯಲ್ಲಿದ್ದ ಆ ಡಬ್ಬ ತೆಗೆಯುವುದು. ಅಟ್ಟದಿಂದ ಇಳಿದು ಅದು ಮತ್ತೆ ಮೊಳೆಗೆ ಬಂದಿತ್ತು, ನಾನೇ ನೋಡಿದ್ದೆ. ಎಲ್ಲರೂ ನಕ್ಕರು. ಇದೂ ಒಂದು ಆಸ್ತಿಯಾ ಅಂದರು. ಸಂಜೆ ಹೋಗಿ ನೋಡಿದರೆ ಹಳೇ ಕಬ್ಬಿಣದ ಜೊತೆ ಗುಜರಿಯವನಿಗೆ ಹಾಕಿಬಿಟ್ಟಿದ್ದರು. ಮೊಳೆಯಲ್ಲಿ ಕತ್ತದ ಹಗ್ಗ ಮಾತ್ರ ಇತ್ತು. ಆ ಹಗ್ಗ ತಂದೆ. ಈಗಲೂ ನನ್ನ ಟ್ರಂಕಿನಲ್ಲಿದೆ.

ನಮ್ಮತ್ತೆಯ, ಅಂದರೆ ನಿಮ್ಮಜ್ಜಿಯ, ಕೈಯ ವಸ್ತು ಅದು. ನನ್ನ ಕೈ ಕೆಟ್ಟದ್ದೂ ಅದು ಸಿಗದೇ ಇದ್ದದ್ದರಿಂದ. ಅಡುಗೆ ಮನೆಯ ಗಾಯ ತಾನೇ, ಅಡುಗೆ ಮನೆಯ ಸಾಮಾನು ತಾನೇ ಅಂತ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ಮಾತು. ಸ್ಕೂಟರಿನ ಒಂದು ಸ್ಪ್ಯಾನರ್ ಕಾಣದಿದ್ದರೆ ಇಡೀ ಮನೆ ಹುಡುಕುತ್ತಾರೆ. ಇದನ್ನು ಯಾರೂ ಹುಡುಕಲಿಲ್ಲ. ನಿಮ್ಮಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಬಹುಶಃ ನೆನಪೂ ಇಲ್ಲ. ನೆನಪಿಲ್ಲ ಅನ್ನುವುದೇ ನನಗೆ ನೋವು. ಇಲ್ಲದಿದ್ದರೆ ಇವತ್ತು ನಿನ್ನ ಪ್ರಶ್ನೆಗೆ ಆ ಹೆಬ್ಬೆರಳು ಒತ್ತುತ್ತಿದ್ದನಾ ಹೇಳು.

ಅಯ್ಯೋ, ನೀನು ಕೇಳಿದ್ದು ಬಿಟ್ಟು ಬೇರೇನೋ ಹೇಳುತ್ತಿದ್ದೇನೆ. ನಿನ್ನ ಡಬ್ಬದ ವಿಷಯಕ್ಕೆ ಬರುತ್ತೇನೆ.

ನಿನ್ನದೂ ನನ್ನ ಡಬ್ಬದ ಕಥೆಯೇ ಇರಬೇಕು. ನಿಮ್ಮತ್ತೆ ಬಿಸಿ ಇರುವಾಗಲೇ ತುಂಬಿ ಮುಚ್ಚಿರುತ್ತಾರೆ. ನಮ್ಮ ಮಗ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾನಲ್ಲ, ಅವನು ಒಮ್ಮೆ ಕೂತು ಲೆಕ್ಕ ಹಾಕಿ ಹೇಳಿದ. ಬಿಸಿಯಲ್ಲಿ ಮುಚ್ಚಿದರೆ ಒಳಗಿನ ಗಾಳಿ ಆರುತ್ತಾ ಕುಗ್ಗುತ್ತದೆ, ಮುಚ್ಚಳವನ್ನು ಒಳಕ್ಕೆ ಎಳೆಯುತ್ತದೆ. ಮೇಲಾಗಿ ಮಡಿಕೇರಿ ಸಮುದ್ರಕ್ಕಿಂತ ಸುಮಾರು 1150 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡವೇ ಕಡಿಮೆ. ಅಲ್ಲಿ ಗಾಳಿಯಾಡದ ಹಾಗೆ ಮುಚ್ಚಿದ ಡಬ್ಬವನ್ನು ಮಂಗಳೂರಿಗೆ ಇಳಿಸಿದರೆ ಹೊರಗಿನ ಗಾಳಿ ಅದನ್ನು ಜಾಸ್ತಿ ಒತ್ತುತ್ತದೆ. 10 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ, ಬರೀ ಘಟ್ಟ ಇಳಿದದ್ದಕ್ಕೇ, ಸುಮಾರು 10 ಕೆಜಿ ಭಾರ ಕೂತ ಹಾಗಂತೆ. ಬಿಸಿ ಆರಿದ ಲೆಕ್ಕ ಬೇರೆ. ಅಂಚಿನ ಸಂದಿಯಲ್ಲಿ ತುಪ್ಪ ಗಟ್ಟಿಯಾಗಿ ಅರಗು ಹಾಕಿದ ಹಾಗೆ ಗಾಳಿ ಒಳಗೆ ಹೋಗದಂತೆ ತಡೆಯುತ್ತದೆ. ಚಿಕ್ಕಮಗಳೂರೂ ಹೆಚ್ಚುಕಡಿಮೆ ಮಡಿಕೇರಿಯಷ್ಟೇ ಎತ್ತರ, ನೀನಿರುವುದು ಉಡುಪಿಯಲ್ಲಿ. ಹಾಗಾಗಿ ನಿನ್ನ ಕೈಗೆ ಬಲ ಇಲ್ಲ ಅಂತಲ್ಲ. ನೇರ ಎಳೆದರೆ ಯಾರಿಗೂ ಬರುವುದಿಲ್ಲ.

ಮೊದಲು ಬೋಗುಣಿಯಲ್ಲಿ ಬಿಸಿನೀರು ಹಾಕಿ, ಕೈ ತಡೆಯುವಷ್ಟು ಬಿಸಿ ಸಾಕು, ಡಬ್ಬವನ್ನು ಮುಕ್ಕಾಲು ಮುಳುಗುವ ಹಾಗೆ ಹತ್ತು ನಿಮಿಷ ಇಡು. ಮುಚ್ಚಳಕ್ಕೆ ನೀರು ತಾಗಬಾರದು. ಒಳಗಿನ ಗಾಳಿ ಹಿಗ್ಗುತ್ತದೆ. ಅಂಚಿನ ಸುತ್ತ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿದರೆ ಸಂದಿಯ ತುಪ್ಪವೂ ಕರಗುತ್ತದೆ. ಆದರೆ ಮುಚ್ಚಿದ ಡಬ್ಬವನ್ನು ಗ್ಯಾಸ್ ಒಲೆಯ ಮೇಲೆ ಮಾತ್ರ ಇಡಬೇಡ, ಮುಚ್ಚಳ ಸಿಡಿದು ಮುಖಕ್ಕೆ ಬರುತ್ತದೆ.

ಆಮೇಲೆ ಡಬ್ಬ ಒರೆಸಿ, ನೆಲದ ಮೇಲೆ ಒದ್ದೆ ಬಟ್ಟೆ ಮಡಚಿ ಹಾಸಿ ಅದರ ಮೇಲೆ ಇಡು. ಮಡಿಲಲ್ಲಿ ಬೇಡ, ಎದೆಗೆ ಒತ್ತಿ ಹಿಡಿಯಬೇಡ. ನಿನ್ನ ಮನೆ ಹತ್ತಿರ ಪೇಂಟ್ ಅಂಗಡಿ ಇದ್ದರೆ "ಪೇಂಟ್ ಡಬ್ಬದ ಮುಚ್ಚಳ ತೆಗೆಯೋದು ಕೊಡಿ" ಅಂತ ಕೇಳು, ಕೊಡುತ್ತಾರೆ. ಒಂದು ಮಸಾಲೆ ದೋಸೆಯಷ್ಟೂ ದುಡ್ಡಾಗುವುದಿಲ್ಲ. ಅದು ಸಿಗುವ ತನಕ ದಪ್ಪ ಸ್ಟೀಲ್ ಚಮಚದ ಹಿಡಿಯ ತುದಿ ಸಾಕು. ಬಾಗುವ ತೆಳ್ಳಗಿನ ಚಮಚ ಬೇಡ.

ಕೊಕ್ಕಿನ ತುದಿಯನ್ನು ಮುಚ್ಚಳದ ಅಂಚಿನ ಕೆಳಗೆ ಸಿಕ್ಕಿಸು. ಅದರ ಬಾಗಿದ ಹೊಟ್ಟೆ ಡಬ್ಬದ ಬಾಯಿಯ ಸುತ್ತಿನ ಮೇಲೆ ಕೂರಬೇಕು. ಆಮೇಲೆ ಹಿಡಿಯನ್ನು ಮೇಲಕ್ಕೆ ಎಳೆಯಬೇಡ, ಕೆಳಕ್ಕೆ ಒತ್ತು. ನಾನು ಅವತ್ತು ಮಾಡಿದ ತಪ್ಪೇ ಅದು, ಮೇಲಕ್ಕೆ ಮೀಟಿದ್ದು. ಕೆಳಕ್ಕೆ ಒತ್ತುವಾಗ ಜಾರಿದರೂ ಕೈ ನೆಲದ ಕಡೆ ಹೋಗುತ್ತದೆ. ಕೊಕ್ಕು ಅರ್ಧ ಸೆಂಟಿಮೀಟರ್, ಹಿಡಿ 10 ಸೆಂಟಿಮೀಟರ್ ಇದ್ದರೆ ನಿನ್ನ ಬಲ ಇಪ್ಪತ್ತು ಪಟ್ಟು ಆಗುತ್ತದೆ. ನೀನು ಒಂದು ಕೆಜಿಯಷ್ಟು ಒತ್ತಿದರೆ ಮುಚ್ಚಳಕ್ಕೆ 20 ಕೆಜಿಯಷ್ಟು ಬೀಳುತ್ತದೆ. ನಿಮ್ಮಜ್ಜಿಯ ನಡುಗುವ ಕೈಗೆ ಆಗುತ್ತಿದ್ದದ್ದು ಹೀಗೆ.

ಒಂದೇ ಕಡೆ ಪೂರ್ತಿ ಎತ್ತಬೇಡ. ಎತ್ತಿದರೆ ಮುಚ್ಚಳ ಡೊಂಕಾಗುತ್ತದೆ, ಆಮೇಲೆ ಸರಿಯಾಗಿ ಕೂರುವುದಿಲ್ಲ, ಇರುವೆ ಹೋಗುತ್ತದೆ. ಒಂಚೂರು ಒತ್ತು, ಎರಡು ಬೆರಳಷ್ಟು ಪಕ್ಕಕ್ಕೆ ಸರಿ, ಮತ್ತೆ ಒತ್ತು. ಹೀಗೆ ಡಬ್ಬ ತಿರುಗಿಸುತ್ತಾ ಪೂರ್ತಿ ಒಂದು ಸುತ್ತು. ಎರಡನೇ ಸುತ್ತಿಗೆ ಎಲ್ಲೋ ಒಂದು ಕಡೆ "ಟುಸ್" ಅಂತ ಸಣ್ಣಗೆ ಕೇಳಿಸುತ್ತದೆ. ಗಾಳಿ ಒಳಗೆ ಹೋಯಿತು ಅಂತ. ಆಮೇಲೆ ಕೈಯಲ್ಲೇ ಬರುತ್ತದೆ. ತೆಗೆದ ಮುಚ್ಚಳದ ಅಂಚು ಹರಿತ ಇರುತ್ತದೆ, ಪಾಪುವಿನ ಕೈಗೆ ಸಿಗದ ಕಡೆ ಇಡು. ಮತ್ತೆ ಮುಚ್ಚುವಾಗ ಸಂದಿಯ ತುಪ್ಪ ಒರೆಸಿ ಮುಚ್ಚು, ಅಂಗೈಯಲ್ಲಿ ಒತ್ತಿದರೆ ಸಾಕು, ಗುದ್ದಬೇಡ. ನಿಮ್ಮತ್ತೆಗೂ ಹೇಳು, ಆರಿದ ಮೇಲೆ ತುಂಬಲಿ.

ಇಷ್ಟೆಲ್ಲಾ ಹೇಳಿದ ಮೇಲೂ ಏನಾದರೂ ಕೊಯ್ದುಕೊಂಡರೆ, ದೇವರು ಹಾಗೆ ಮಾಡದಿರಲಿ, ಅರಿಶಿನ ಮೆತ್ತಿ ಕೂರಬೇಡ. ಶುದ್ಧ ಬಟ್ಟೆ ಒತ್ತಿ ಹಿಡಿದು ಅವತ್ತೇ ಡಾಕ್ಟರ ಹತ್ತಿರ ಹೋಗು. ಟಿಟಿ ಇಂಜೆಕ್ಷನ್ ಬೇಕಾ ಕೇಳು. ಬೆರಳು ಒಂದೊಂದೇ ಮಡಚಿ ತೋರಿಸು.

ಶನಿವಾರ ನಮ್ಮ ಮಗ ಉಡುಪಿಗೆ ಬರುತ್ತಾನೆ. ಡಬ್ಬ ತೆಗೆಯುವುದು ನನ್ನ ಹತ್ತಿರ ಎರಡಿವೆ, ಒಂದನ್ನು ಅವನ ಕೈಲಿ ಕಳಿಸುತ್ತೇನೆ. ಅಜ್ಜಿಯ ಕತ್ತದ ಹಗ್ಗವನ್ನೂ ಅದಕ್ಕೇ ಕಟ್ಟಿ ಕಳಿಸುತ್ತೇನೆ, ಒಲೆಯ ಪಕ್ಕ ಒಂದು ಮೊಳೆ ಹೊಡೆಸಿಡು. ಅಲ್ಲಿಯ ತನಕ ತಡೆದರೆ ತಡಿ, ಇಲ್ಲದಿದ್ದರೆ ಚಮಚದಲ್ಲಿ ನಿಧಾನಕ್ಕೆ ಮಾಡು, ಪಾಪು ಮಲಗಿದ ಮೇಲೆ. ತೆಗೆದ ಕೂಡಲೇ ಇಲ್ಲಿ ಒಂದು ಮೆಸೇಜ್ ಹಾಕು, ಎಷ್ಟು ಹೊತ್ತಾದರೂ ನಾನು ಎದ್ದಿರುತ್ತೇನೆ.