ಎರಡು ಚಮಚದ ಅಡುಗೆ

"ಆರು ತಿಂಗಳ ಮಗುವಿಗೆ ಎಷ್ಟು ಚೀನಿಕಾಯಿ ಬೇಕು ಹೇಳಿ ನೋಡುವ?" ಮಂಗಳೂರಿನ ಕದ್ರಿ ಪಾರ್ಕಿನ ಬೆಂಚಿನಲ್ಲಿ ಕೂರುವ ಮೊದಲೇ ಶೆಟ್ರು ಕೇಳಿದರು. ಚೀನಿಕಾಯಿ ಅಂದರೆ ಸಿಹಿಗುಂಬಳ.

"ಒಂದು ಸಲಕ್ಕೆ ಎರಡು ಮೂರು ಚಮಚ. ಶುರುವಿಗೆ ಅಷ್ಟೂ ಹೋಗುವುದಿಲ್ಲ," ಎಂದರು ಟೀಚರ್.

"ನಮ್ಮ ಅಳಿಯ ಇಡೀ ಕಾಯಿ ತಂದಿದ್ದಾನೆ ಮಾರಾಯ್ರೆ. ನಾಲ್ಕು ಕಿಲೋ!"

ಅಳಿಯನಿಗೆ ಈಗ ಮನೆಯಿಂದಲೇ ಕಂಪ್ಯೂಟರ್ ಕೆಲಸ. ಏನು ಮಾಡಿದರೂ ದೊಡ್ಡದಾಗಿ ಮಾಡುವ ಜಾತಿ. ಚೀನಿಕಾಯಿಯನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿದ್ದಾನೆ, ಮಿಕ್ಸಿಯಲ್ಲಿ ಅರೆದಿದ್ದಾನೆ, ಐಸ್ ಟ್ರೇಗೆ ಸುರಿದಿದ್ದಾನೆ. ಗಟ್ಟಿಯಾದ ತುಂಡುಗಳನ್ನು ಚೀಲಕ್ಕೆ ತುಂಬಿ ತಾರೀಕು ಬರೆದು ಅಂಟಿಸಿದ್ದಾನೆ. ಮರುದಿನ ಕ್ಯಾರೆಟ್. ಅದರ ಮರುದಿನ ಬೀಟ್ರೂಟ್.

"ದಿನಕ್ಕೊಂದು ತರಕಾರಿಯಾ?" ಟೀಚರ್ ಹುಬ್ಬು ಹಾರಿಸಿದರು. "ಒಂದು ಕೊಟ್ಟು ಮೂರು ದಿನ ನೋಡಬೇಕು. ಇಲ್ಲದಿದ್ದರೆ ಮೈ ಮೇಲೆ ದಡಿಕೆ ಎದ್ದರೆ ಯಾವುದರಿಂದ ಅಂತ ಹೇಗೆ ಗೊತ್ತಾಗುವುದು?"

"ದಡಿಕೆ ಏಳಲಿಲ್ಲ. ಆದರೆ ಬೀಟ್ರೂಟ್ ತಿಂದ ಮರುದಿನ ಡೈಪರ್ ಬಿಚ್ಚಿದ ಮಗಳು ಕಿರುಚಿದ್ದು ಬಿಜೈವರೆಗೆ ಕೇಳಿರಬೇಕು. ಎಲ್ಲ ಕೆಂಪು! ಡಾಕ್ಟ್ರಿಗೆ ಫೋನು. ಅವರು ಒಂದೇ ಮಾತು ಕೇಳಿದ್ದು, 'ನಿನ್ನೆ ಬೀಟ್ರೂಟ್ ಕೊಟ್ಟಿದ್ರಾ?'"

ಅಡುಗೆ ಭಟ್ರು ಹೊಟ್ಟೆ ಹಿಡಿದು ನಕ್ಕರು. ಅವರ ಮನೆಯಲ್ಲೂ ಮೊಮ್ಮಗಳಿದ್ದಾಳೆ. ಸಾವಿರ ಎಲೆಯ ಊಟಕ್ಕೆ ಬೆದರದ ಮನುಷ್ಯ, ಎರಡು ಚಮಚದ ಅಡುಗೆಗೆ ಸೋತಿದ್ದಾರೆ. ಅಷ್ಟು ಸ್ವಲ್ಪ ಹಾಕಿದರೆ ಮಿಕ್ಸಿ ಅರೆಯುವುದಿಲ್ಲ. ಬ್ಲೇಡು ಸುಮ್ನೆ ತಿರುಗುತ್ತದೆ, ಕ್ಯಾರೆಟ್ ಎಲ್ಲ ಹಾರಿ ಜಾರಿನ ಗೋಡೆ ಹಿಡಿದು ಕೂರುತ್ತದೆ. ಸರಿ, ಸಣ್ಣ ಚಟ್ನಿ ಜಾರಿಗೆ ಹಾಕಿದರಂತೆ. ತೊಳೆದ ಜಾರೇ. ಆದರೆ ಬ್ಲೇಡಿನ ಅಡಿಯಲ್ಲಿ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಹಿಂದಿನ ದಿನದ ಬ್ಯಾಡಗಿ ಮೆಣಸು ಕೂತಿತ್ತು. ಪುಣ್ಯಕ್ಕೆ ಭಟ್ರು ಮೊದಲು ತಾವೇ ನೆಕ್ಕಿ ನೋಡಿದರು.

"ಆಲೂಗಡ್ಡೆಯನ್ನೂ ಮಿಕ್ಸಿಗೆ ಹಾಕಿದ್ದೆ," ಎಂದರು. "ಅದರ ಹಿಟ್ಟು ಒಡೆದು ಗೋಂದಿನ ಹಾಗೆ ಆಯ್ತು. ಯಕ್ಷಗಾನದ ಪೋಸ್ಟರ್ ಅಂಟಿಸಬಹುದಿತ್ತು. ಈಗ ಮಿಕ್ಸಿ ಇಲ್ಲ. ಬೆಂದದ್ದನ್ನು ಜರಡಿಗೆ ಹಾಕುವುದು, ಚಮಚದ ಬೆನ್ನಿನಲ್ಲಿ ತಿಕ್ಕುವುದು. ಗಟ್ಟಿಯಾದರೆ ಬೇಯಿಸಿದ ನೀರೇ ಎರಡು ಹನಿ. ಅಷ್ಟೇ."

"ಉಪ್ಪು?"

ಈ ಪ್ರಶ್ನೆಗೆ ಬೆಂಚು ಎರಡು ಪಂಗಡವಾಯಿತು. ಶೆಟ್ರ ಮನೆಯ ಅಜ್ಜಿ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಓಡಾಡುತ್ತಿದ್ದಾರಂತೆ, ಅಳಿಯ ಅತ್ತ ತಿರುಗಿದರೆ ಒಂದು ಚಿಟಿಕೆ ಹಾಕಲಿಕ್ಕೆ. ಟೀಚರ್ ಖಡಾಖಂಡಿತ: ಒಂದು ವರ್ಷದವರೆಗೆ ಉಪ್ಪೂ ಇಲ್ಲ, ಸಕ್ಕರೆಯೂ ಇಲ್ಲ. ಜೇನಂತೂ ನಾಲಿಗೆಗೆ ತಾಗಿಸಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಎಳೆ ಹೊಟ್ಟೆಯಲ್ಲಿ ಬೆಳೆದು ವಿಷ ಮಾಡುತ್ತದೆ. ಈ ವಿಷಯದಲ್ಲಿ ನಾನು ಟೀಚರ್ ಕಡೆ. ಅಜ್ಜಿಯ ಎದುರು ಹೇಳು ಎಂದರೆ ಮಾತ್ರ ನನಗೆ ಬೇರೆ ಕೆಲಸ ಉಂಟು.

"ಉಳಿದದ್ದು ಏನು ಮಾಡ್ತೀರಿ?" ಎಂದು ಕೇಳಿದೆ.

"ಮಗುವಿನ ಚಮಚ ಅದ್ದಿದ್ದನ್ನು ಮತ್ತೆ ಇಡುವ ಹಾಗಿಲ್ಲ ಅಂತಾನೆ ಅಳಿಯ. ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ನಾನೇ ತಿನ್ನುವುದು." ಶೆಟ್ರು ನಿಟ್ಟುಸಿರು ಬಿಟ್ಟರು. "ಅದೂ ಇರಲಿ. ಫ್ರೀಜರ್ ಪೂರ್ತಿ ಚೀನಿಕಾಯಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಬೋಟು ಕಡಲಿಗೆ ಇಳಿಯುವುದಿಲ್ಲ. ಮೀನು ತಂದಿಡುವ ಅಂದರೆ ಜಾಗವೇ ಇಲ್ಲ!"

ಎಲ್ಲರಿಗೂ ಈಗ ನಿಜವಾದ ಸಂಕಟ ಅರ್ಥವಾಯಿತು. ಭಟ್ರು ಕೂಡ ಮರುಕದಿಂದ ತಲೆಯಾಡಿಸಿದರು.

"ಹೆದರಬೇಡಿ," ಎಂದರು ಟೀಚರ್. "ಈ ನುಣ್ಣನೆಯ ಆಟ ಹೆಚ್ಚು ದಿನ ಇಲ್ಲ. ಎಂಟು ತಿಂಗಳಾಗುವಾಗ ಕೈಯಲ್ಲಿ ಕಿವುಚಿ, ತರಿತರಿಯಾಗಿ ಕೊಡಬೇಕು. ಇಲ್ಲದಿದ್ದರೆ ಅಗಿಯಲಿಕ್ಕೇ ಕಲಿಯುವುದಿಲ್ಲ. ಮತ್ತೆ ಬರೇ ತರಕಾರಿ ಸಾಕಾಗುವುದೂ ಇಲ್ಲ. ಆರು ತಿಂಗಳ ನಂತರ ಎದೆಹಾಲಿನಲ್ಲಿ ಸಿಗುವ ಕಬ್ಬಿಣ ಸಾಲದು. ಹೆಸರುಬೇಳೆ ಹಾಕಿ, ರಾಗಿ ಮಣ್ಣಿ ಮಾಡಿ, ಅರ್ಧ ಚಮಚ ತುಪ್ಪ ಬಿಡಿ. ಮೊಟ್ಟೆ ಬೇಯಿಸಿ ಕೊಡಿ. ಮೀನೂ ಕೊಡಬಹುದು."

ಶೆಟ್ರು ನೆಟ್ಟಗೆ ಕೂತರು. "ಯಾವುದು?"

"ಮೀನು. ಖಾರ ಹಾಕದೆ, ಚೆನ್ನಾಗಿ ಬೇಯಿಸಿ, ಮುಳ್ಳು ಒಂದೂ ಉಳಿಯದ ಹಾಗೆ ಬೆರಳಲ್ಲಿ ಹಿಚುಕಿ ನೋಡಿ."

"ಕಾಣೆ ಮೀನು ಆಗ್ತದಾ?"

"ಆಗ್ತದೆ. ಮೊದಲ ಸಲ ಒಂದು ಚಮಚ ಸಾಕು."

ಶೆಟ್ರು ಆಗಲೇ ಎದ್ದು ಫೋನು ಕಿವಿಗೆ ಹಿಡಿದಿದ್ದರು. "ಹಲೋ, ಅಳಿಯಂದಿರೇ? ಆ ಚೀನಿಕಾಯಿ ಚೀಲ ಎಲ್ಲ ಹೊರಗೆ ತೆಗೀರಿ. ಡಾಕ್ಟ್ರ ಪೈಕಿಯವರೇ ಹೇಳಿದ್ದು, ಮಗುವಿಗೆ ಕಾಣೆ ಬೇಕಂತೆ. ಎಷ್ಟಾ? ಒಂದು ಐದು ಕಿಲೋ ಬೇಕಾಗ್ತದೆ."